ನೂರು ಮೆಗಾಬಿಟ್‌ನಲ್ಲಿ ಎಷ್ಟು ಬಿಟ್‌ಗಳಿವೆ?

[ಪರದೆಯಲ್ಲಿ: ಫೈಲ್ ಕಾಪಿ ಆಗುತ್ತಿರುವ ಕಿಟಕಿ, ವೇಗ 11.3 ಎಂಬಿ]

ನಮಸ್ಕಾರ. ಸೆಕೆಂಡಿಗೆ 100 ಮೆಗಾಬಿಟ್ ಸಾಮರ್ಥ್ಯದ ಈಥರ್ನೆಟ್ ಕೇಬಲ್ ಮೂಲಕ ಫೈಲೊಂದನ್ನು ಕಳಿಸುವಾಗ ವಿಂಡೋಸ್ ಪರದೆಯಲ್ಲಿ ಸೆಕೆಂಡಿಗೆ 11.3 ಎಂಬಿ (ಮೆಗಾಬೈಟ್) ಎಂಬ ಅಂಕಿ ಕಂಡರೆ, ಕೇಬಲ್ ಕೆಟ್ಟಿದೆ ಎಂದುಕೊಳ್ಳಬೇಕಾಗಿಲ್ಲ. ಎಂಟು ಬಿಟ್ ಸೇರಿ ಒಂದು ಬೈಟ್ ಆಗುವುದರಿಂದ 12.5 ಬರಬೇಕಿತ್ತಲ್ಲ, ಉಳಿದದ್ದು ಎಲ್ಲಿ ಹೋಯಿತು ಎಂಬುದೇ ಇಂದಿನ ವಿಷಯ.

ತೊಡಕಿರುವುದು ‘ಮೆಗಾ’ ಎಂಬ ಪದದಲ್ಲಿ. ನೆಟ್‌ವರ್ಕ್‌ನಲ್ಲಿ ಮೆಗಾ ಎಂದರೆ ಸರಿಯಾಗಿ ಹತ್ತು ಲಕ್ಷ; ಮೆಮೊರಿಯ ಲೆಕ್ಕದಲ್ಲಾದರೆ 1024ನ್ನು 1024ರಿಂದ ಗುಣಿಸಿದಷ್ಟು, ಅಂದರೆ 10,48,576.

[ಪರದೆಯಲ್ಲಿ: 25 ಮೆಗಾಹರ್ಟ್ಸ್ × 4 ಬಿಟ್]

100 ಮೆಗಾಬಿಟ್ ಈಥರ್ನೆಟ್‌ನ ಒಳಗೆ ನೋಡಿದರೆ ಕಾರಣ ತಿಳಿಯುತ್ತದೆ. ಅಲ್ಲಿನ ಚಿಪ್‌ಗಳ ನಡುವೆ ಸೆಕೆಂಡಿಗೆ 2.5 ಕೋಟಿ ಬಾರಿ ಮಿಡಿಯುವ ಕ್ಲಾಕ್ ಇದ್ದು, ಪ್ರತಿ ಮಿಡಿತಕ್ಕೂ ನಾಲ್ಕು ಬಿಟ್‌ಗಳು ದಾಟುತ್ತವೆ; ಒಟ್ಟು 10 ಕೋಟಿ. ಸೆಕೆಂಡಿಗೆ ಎಷ್ಟು ಮಿಡಿತ ಎಂದು ಹೇಳುವ ಹರ್ಟ್ಸ್ ಅನ್ನು ಯಾರೂ 1024ರ ಲೆಕ್ಕದಲ್ಲಿ ಎಣಿಸುವುದಿಲ್ಲವಾದ್ದರಿಂದ, ಅದರಿಂದ ಹುಟ್ಟುವ ವೇಗವೂ ದಶಮಾನದಲ್ಲೇ ಇರುತ್ತದೆ. ಮೆಮೊರಿಯ ಕಥೆ ಬೇರೆ: ವಿಳಾಸದ ಗೆರೆ ಒಂದು ಹೆಚ್ಚಿದಂತೆಲ್ಲ ಸ್ಥಾನಗಳ ಸಂಖ್ಯೆ ಇಮ್ಮಡಿಯಾಗುವುದರಿಂದ ಹತ್ತು ಗೆರೆಗಳಿಗೆ 1024, ಇಪ್ಪತ್ತಕ್ಕೆ 10,48,576 ಸಹಜವಾಗಿಯೇ ಬರುತ್ತವೆ.

ಇಲ್ಲಿ ಒಂದು ಸಂಖ್ಯೆ ಹಲವರನ್ನು ದಾರಿ ತಪ್ಪಿಸುತ್ತದೆ. ದೂರವಾಣಿ ಜಾಲದ ಇ1 ಸಂಪರ್ಕದ ವೇಗ 2,048 ಕಿಲೋಬಿಟ್. ಇದು 1024ರ ದುಪ್ಪಟ್ಟಾದ್ದರಿಂದ ದ್ವಿಮಾನ ಲೆಕ್ಕವೆಂದೇ ಅನಿಸುತ್ತದೆ. ಆದರೆ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ, ಪ್ರತಿ ಬಾರಿ 8 ಬಿಟ್‌ನಂತೆ ಅಳೆದರೆ ಒಂದು ಚಾನೆಲ್‌ಗೆ 64,000 ಬಿಟ್ ಬೇಕಾಗುತ್ತದೆ, ಅಂಥ 32 ಚಾನೆಲ್‌ಗಳು ಸೇರಿ 20,48,000 ಬಿಟ್ ಆಗುತ್ತವೆ. ಇಲ್ಲಿಯೂ ಕಿಲೋ ಎಂದರೆ ಸಾವಿರವೇ.

ಈ ಗೊಂದಲ ತಪ್ಪಿಸಲೆಂದೇ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗವು 1998ರಲ್ಲಿ 1024ರ ಲೆಕ್ಕದ ಮಾನಗಳಿಗೆಂದೇ ಕಿಬಿ, ಮೆಬಿ, ಗಿಬಿ ಎಂಬ ಹೆಸರುಗಳನ್ನು ಒಪ್ಪಿಕೊಂಡಿತು. ಅವು ಎಲ್ಲ ಪರದೆಗಳಲ್ಲೂ ಬಳಕೆಗೆ ಬರಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ವಿಂಡೋಸ್ ಮಾತ್ರ 10,48,576 ಬೈಟ್‌ಗಳನ್ನು ಇಂದಿಗೂ ‘ಎಂಬಿ’ ಎಂದೇ ಬರೆಯುತ್ತದೆ.

[ಪರದೆಯಲ್ಲಿ: 12.5 → 11.92 → 11.3]

ಈಗ ಮೊದಲಿನ ಅಂಕಿಗೆ ಬರೋಣ. ಸೆಕೆಂಡಿಗೆ 1,25,00,000 ಬೈಟ್‌ಗಳನ್ನು 10,48,576ರಿಂದ ಭಾಗಿಸಿದರೆ 11.92 ಸಿಗುತ್ತದೆ. ಉಳಿದ ಕೊರತೆಗೆ ಅಳತೆಯ ಮಾನ ಕಾರಣವಲ್ಲ: ದತ್ತಾಂಶವನ್ನು ತುಂಡು ಮಾಡಿ ಕಳಿಸುವ ಕಟ್ಟಾದ ‘ಫ್ರೇಮ್’, ಪೂರ್ಣ ಗಾತ್ರದ್ದಾದರೆ, ತಂತಿಯಲ್ಲಿ 1,538 ಬೈಟ್‌ಗಳಷ್ಟು ಅವಧಿಯನ್ನು ಬಳಸಿಕೊಂಡರೂ, ವಿಳಾಸ ಮುಂತಾದ ವಿವರಗಳಿರುವ ಹೆಡರ್‌ಗಳನ್ನೂ ಫ್ರೇಮ್‌ಗಳ ನಡುವಿನ ಬಿಡುವನ್ನೂ ಕಳೆದ ಮೇಲೆ ಫೈಲ್‌ಗೆ ಉಳಿಯುವುದು ಹೆಚ್ಚೆಂದರೆ 1,460 ಬೈಟ್. ಆ ಪಾಲನ್ನು 11.92ಕ್ಕೆ ಅನ್ವಯಿಸಿದಾಗ ಬರುವುದೇ 11.3.