ಕೈ ಕಲಿಯದೆ ಎಕ್ಸ್‌ರೇ ಬಾರದು

ಕೇಳುಗರಿಗೆ ನಮಸ್ಕಾರ. ನಮ್ಮ ಹಾಸನ, ಅರಸೀಕೆರೆ, ಸಕಲೇಶಪುರ ಕಡೆಯಿಂದ ಪಿಯುಸಿ ಮುಗಿಸಿ ಎಕ್ಸ್‌ರೇ, ಸ್ಕ್ಯಾನಿಂಗ್ ಕೋರ್ಸಿಗೆ ಸೇರುವ ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ ಒಂದೇ ಮಾತು ಹೇಳಲು ಬಂದಿದ್ದೇನೆ. ಈ ವಿದ್ಯೆ ಮೊದಲು ಕೈಗೆ ಬರಬೇಕು.

ನನ್ನ ಹತ್ತಿರ ಈ ಕೆಲಸ ಕಲಿಯುವ ಒಬ್ಬ ಹುಡುಗನಿದ್ದ. ಎದೆಯ ಎಕ್ಸ್‌ರೇಗೆ ಕಿರಣ ಬಿಡುವ ಟ್ಯೂಬು ಎಷ್ಟು ದೂರ ಎಂದರೆ ನಿದ್ದೆಗಣ್ಣಿನಲ್ಲೂ 180 ಸೆಂಟಿಮೀಟರ್ ಎನ್ನುವವನು. ಒಂದು ದಿನ ಆಲೂರು ಕಡೆಯ ಹೆಂಗಸೊಬ್ಬರು ಬಂದರು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ದಪ್ಪ ಜಡೆ. ಇವನು ಗೌನು ಹಾಕಿಸಿದ, ಸರ ತೆಗೆಸಿದ. ‘ಉಸಿರು ಎಳ್ಕೊಳಮ್ಮ, ಹಿಡ್ಕೊ’ ಎಂದ. ಚಿತ್ರ ಬಂತು. ಬಲ ಶ್ವಾಸಕೋಶದ ತುದಿಯಲ್ಲಿ ಬಿಳಿ ಮಚ್ಚೆ! ಹುಡುಗ ಬೆವೆತುಹೋದ. ‘ಸಾರ್, ಟಿಬಿ’ ಅಂದದ್ದು ಬೆಂಚಿನ ಮೇಲಿದ್ದ ಗಂಡನ ಕಿವಿಗೂ ಬಿತ್ತು. ಆತ ಎದ್ದೇ ನಿಂತರು. ನಾನು ನೋಡಿದೆ. ಮಚ್ಚೆ ಶ್ವಾಸಕೋಶ ದಾಟಿ ಕತ್ತಿನವರೆಗೂ ಹೋಗಿದೆ. ಟಿಬಿ ಹಾಗೆ ಕತ್ತು ಹತ್ತುತ್ತದೆಯೇ? ಅದು ಜಡೆ! ಎತ್ತಿ ತಲೆಯ ಮೇಲೆ ಕಟ್ಟಿಸಿ ಇನ್ನೊಂದು ತೆಗೆದೆವು, ಮಚ್ಚೆ ಇಲ್ಲ. ಆದರೆ ಆ ತಾಯಿಯ ಮೈಗೆ ಸುಮ್ಮನೆ ಎರಡನೇ ಸಲ ಕಿರಣ ಬಿತ್ತಲ್ಲ! ‘ಓದಿರ್ಲಿಲ್ವೇನೋ?’ ಎಂದೆ. ‘ಓದಿದ್ದೆ ಸಾರ್, ಜಡೆ ಎತ್ತಿ ಅನ್ನೋಕೆ ನಾಚ್ಕೆ ಆಯ್ತು.’

ಮಾರನೆಯ ದಿನದಿಂದ ಪಾಠ ಬದಲಾಯಿತು. ಮಶಿನ್ ಆಫ್. ಒಬ್ಬ ರೋಗಿ, ಇನ್ನೊಬ್ಬ ಟೆಕ್ನಿಷಿಯನ್. ಕೇಳಿ, ಹೇಳಿ, ಆಮೇಲೆ ಮುಟ್ಟು. ಗದ್ದ ಎತ್ತಿಸು, ಕೈ ಸೊಂಟಕ್ಕೆ ಇಡಿಸು, ಮೊಣಕೈ ಮುಂದಕ್ಕೆ ತಳ್ಳು. ಆಗ ಬೆನ್ನಿನ ಹೆಗಲ ಮೂಳೆ ಶ್ವಾಸಕೋಶದ ಮೇಲಿಂದ ಪಕ್ಕಕ್ಕೆ ಸರಿಯುತ್ತದೆ. ರೇಡಿಯೋ ಪಕ್ಕ ಕೂತವರು ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು ಕೈಯಿಟ್ಟು ನೋಡಿ, ಸರಿಯುವುದು ಬೆರಳಿಗೇ ತಿಳಿಯುತ್ತದೆ. ಇದನ್ನು ಬೋರ್ಡಿನ ಮೇಲೆ ನಾನು ಎಷ್ಟು ವರ್ಷ ಬರೆದೆನೋ! ಕಲಿಯಲೆಂದು ಮನುಷ್ಯರ ಮೇಲೆ ಕಿರಣ ಮಾತ್ರ ಬಿಡುವಂತಿಲ್ಲ, ಅದಕ್ಕೆ ಫ್ಯಾಂಟಮ್ ಎಂಬ ಗೊಂಬೆ ಇದೆ.

ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಅಲ್ಟ್ರಾಸೌಂಡ್ ಬೇಗ ಹೇಳಿಬಿಡುತ್ತೇನೆ. ಚೈನಾ ಗ್ರಾಸ್ ಕುದಿಸಿ, ದ್ರಾಕ್ಷಿ ಹಾಕಿ, ಡಬ್ಬಿಯಲ್ಲಿ ಗಟ್ಟಿಯಾಗಲು ಬಿಡಿ. ಪ್ರೋಬ್, ಅಂದರೆ ಸ್ಕ್ಯಾನ್ ಮಾಡುವಾಗ ಮೈಮೇಲೆ ಆಡಿಸುವ ಹಿಡಿಕೆ, ಅದನ್ನಿಟ್ಟು ಮಕ್ಕಳು ದ್ರಾಕ್ಷಿ ಹುಡುಕಲಿ. ಕೈ ಒಂದು ಕೂದಲೆಳೆ ಓರೆಯಾದರೂ ದ್ರಾಕ್ಷಿ ತೆರೆಯಿಂದ ಜಾರಿಹೋಗುತ್ತದೆ. ಎಂಆರ್‌ಐ ಕೋಣೆಗೆ ಹೋಗುವ ಮುನ್ನ ಜೇಬು ಖಾಲಿ ಮಾಡುವುದೂ ಕೈಗೆ ರೂಢಿಯಾಗಬೇಕು, ಆ ಆಯಸ್ಕಾಂತಕ್ಕೆ ರಾತ್ರಿಯೂ ರಜೆಯಿಲ್ಲ.

ಪೋಷಕರೇ, ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಿ ಮರುಳಾಗಬೇಡಿ. ನಮ್ಮ ಮಗು ವಾರಕ್ಕೆ ಎಷ್ಟು ಗಂಟೆ ಮಶಿನ್ ಮುಂದೆ ನಿಲ್ಲುತ್ತದೆ ಎಂದು ಕೇಳಿ. ನಮಸ್ಕಾರ.