ಸ್ಪ್ರಿಂಗ್ ಮೇಲೆ ಕೂತ ತಟ್ಟೆ

ಕೇಳುಗರಿಗೆ ನಮಸ್ಕಾರ. ರೆಕಾರ್ಡ್ ಹುಚ್ಚಿನವರು ನಾಲ್ಕು ಜನ ಸೇರಿದರೆ ಒಂದು ಜಗಳ ಗ್ಯಾರಂಟಿ. ಲಿನ್ ಕಂಪನಿಯ ಸೋಂಡೆಕ್ ಎಲ್‌ಪಿ12 ಟರ್ನ್‌ಟೇಬಲ್, ಅಂದರೆ ರೆಕಾರ್ಡ್ ತಿರುಗಿಸಿ ಹಾಡಿಸುವ ಯಂತ್ರ, ಯಾರ ತಲೆಯಲ್ಲಿ ಹುಟ್ಟಿತು? ಲಿನ್‌ನ ಐವರ್ ಟೀಫನ್‌ಬ್ರನ್ ಅವರದೋ, ಆರಿಸ್ಟನ್ ಕಂಪನಿಯ ಹೇಮಿಶ್ ರಾಬರ್ಟ್‌ಸನ್ ಅವರದೋ? ಎರಡೂ ಸ್ಕಾಟ್ಲೆಂಡಿನ ಕಂಪನಿಗಳು. ನಾನು ಹೇಳುವುದು ಇಷ್ಟೇ: ಮೂಲ ಇಬ್ಬರದೂ ಅಲ್ಲ. ಅಮೆರಿಕದ ಎಡ್ಗರ್ ವಿಲ್ಚರ್ ಅವರದು.

1961ರಲ್ಲಿ ವಿಲ್ಚರ್ ಅವರ ಅಕೌಸ್ಟಿಕ್ ರಿಸರ್ಚ್ ಕಂಪನಿ, ಅಂದರೆ ಎಆರ್, ಒಂದು ಟರ್ನ್‌ಟೇಬಲ್ ತಂದಿತು. ನೋಡೋಕೆ ಸಾಧಾರಣ. ಆದರೆ ಎಆರ್‌ನವರು ಅದರಲ್ಲಿ ಹಾಡು ಹಾಕಿ, ಹಾಡು ನಡೆಯುತ್ತಿರುವಾಗಲೇ ಸುತ್ತಿಗೆ ಎತ್ತಿ ಅದರ ಮೇಲೆ ಕುಟ್ಟಿ ತೋರಿಸುತ್ತಿದ್ದರು! ಮುಳ್ಳು ಹಾರುತ್ತಿರಲಿಲ್ಲ. ಹಾಡು ತನ್ನ ಪಾಡಿಗೆ ನಡೆಯುತ್ತಿತ್ತು. ನಮ್ಮಲ್ಲಿ ಮಕ್ಕಳು ಜೋರಾಗಿ ಓಡಿದರೂ ಮುಳ್ಳು ಎಗರುತ್ತಿದ್ದ ಕಾಲ ನೆನಪಿದೆ ಅಲ್ವಾ? ಇಲ್ಲಿ ಸುತ್ತಿಗೆ ಏಟು ಬಿದ್ದರೂ ಏನೂ ಆಗಲಿಲ್ಲ.

ಗುಟ್ಟು ಒಳಗಿದೆ. ತಿರುಗುವ ತಟ್ಟೆ, ಮುಳ್ಳಿನ ತೋಳು ಎರಡನ್ನೂ ಒಂದೇ ಲೋಹದ ಚೌಕಟ್ಟಿಗೆ ಕೂರಿಸಿ, ಆ ಚೌಕಟ್ಟನ್ನು ಮೂರು ಸ್ಪ್ರಿಂಗ್‌ಗಳಲ್ಲಿ ತೂಗುಬಿಟ್ಟಿದ್ದರು. ಒಂದೇ ದೋಣಿಯಲ್ಲಿ ಕೂತ ಇಬ್ಬರ ಹಾಗೆ, ಅಲುಗಿದರೆ ಎರಡೂ ಜೊತೆಗೇ ಅಲುಗುತ್ತವೆ. ಮುಳ್ಳು ಗೆರೆ ಬಿಡುವುದಿಲ್ಲ. ಮೋಟಾರು ಬೇರೆ ಕಡೆ, ಮೇಲಿನ ಹಲಗೆಯಲ್ಲಿ. ನಡುವೆ ಒಂದು ರಬ್ಬರ್ ಬೆಲ್ಟ್. ಮೋಟಾರಿನ ಗುರ್ ಸದ್ದು ಮುಳ್ಳಿನವರೆಗೆ ಬರುವುದಿಲ್ಲ. ಈ ರಚನೆ ವಿಲ್ಚರ್ ಅವರದು. ಇದನ್ನು ಎಷ್ಟು ಸಲ ಹೇಳಿದರೂ ಜನ ಸ್ಕಾಟ್ಲೆಂಡಿಗೇ ಓಡುತ್ತಾರೆ!

ಸರಿ, ಬೇಗ ಬೇಗ ಹೇಳುತ್ತೇನೆ, ಸಮಯ ಕಮ್ಮಿ ಇದೆ. 1965ರಲ್ಲಿ ಸ್ವಿಟ್ಜರ್‌ಲೆಂಡಿನ ಥೋರೆನ್ಸ್ ತನ್ನ ಟಿಡಿ150ರಲ್ಲಿ ಇದೇ ಸ್ಪ್ರಿಂಗ್ ದಾರಿ ಹಿಡಿಯಿತು. ಎಪ್ಪತ್ತರ ದಶಕದ ಶುರುವಿನಲ್ಲಿ ಆರಿಸ್ಟನ್ ಆರ್‌ಡಿ11 ಬಂತು. ಅದರ ಭಾಗಗಳನ್ನು ಮಾಡಿಕೊಡುತ್ತಿದ್ದದ್ದು ಐವರ್ ಅವರ ತಂದೆಯ ಗ್ಲಾಸ್ಗೋ ಕಾರ್ಖಾನೆ, ಕ್ಯಾಸಲ್ ಪ್ರಿಸಿಷನ್. ಆಮೇಲೆ ಲಿನ್ ಕಂಪನಿ ಹುಟ್ಟಿತು, ಎಲ್‌ಪಿ12 ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಣ್ಣ ಯಾರು, ತಮ್ಮ ಯಾರು ಗೊತ್ತಾಗುವುದಿಲ್ಲ. ಅವರ ಪೇಟೆಂಟ್ ಜಗಳ ನಡೆದದ್ದು ತಟ್ಟೆಯ ಕೆಳಗಿನ ಬೇರಿಂಗ್ ಬಗ್ಗೆ. ಬೇರಿಂಗ್ ಬಗ್ಗೆ ಅವರು ಬೇಕಾದಷ್ಟು ಹೊಡೆದಾಡಲಿ, ಸ್ಪ್ರಿಂಗ್ ಮಾತ್ರ ವಿಲ್ಚರ್ ಅವರದು.

ನಿಮ್ಮ ಮನೆಯಲ್ಲಿ ಈ ಜಾತಿಯ ಹಳೆಯದೊಂದು ಇದ್ದರೆ, ತಟ್ಟೆಯನ್ನು ಬೆರಳಿಂದ ಮೆಲ್ಲಗೆ ಒತ್ತಿ ಬಿಡಿ. ನೇರ ಮೇಲೆ ಕೆಳಗೆ ಕುಣಿಯಬೇಕು. ಅಡ್ಡಾದಿಡ್ಡಿ ಕುಣಿದರೆ ಮೊದಲು ಸ್ಪ್ರಿಂಗ್ ಸರಿಮಾಡಿಸಿ, ಆಮೇಲೆ ರೆಕಾರ್ಡ್ ಹಾಕಿ. ನಮಸ್ಕಾರ.