ಕಂಪನಿ ಮುಚ್ಚಿದರೂ ಉರಿಯುವ ವಾಲ್ವು

[ದೃಶ್ಯ: ಹುಬ್ಬಳ್ಳಿಯ ದುರ್ಗದ ಬೈಲಿನ ಹಿಂದಿನ ಓಣಿ. ರೇಡಿಯೊ ದುರಸ್ತಿ ಅಂಗಡಿಯ ಮೇಜಿನ ಮೇಲೆ ಮುಚ್ಚಳ ತೆಗೆದ ಆಂಪ್ಲಿಫೈಯರ್.]

ನಮಸ್ಕಾರ. ಧ್ವನಿಯನ್ನು ಹಿಗ್ಗಿಸುವ ಗಾಜಿನ ಕೊಳವೆಗಳಿಗೆ ವಾಲ್ವು ಎನ್ನುತ್ತಾರೆ. ಈ ಆಂಪ್ಲಿಫೈಯರಿನಲ್ಲಿ ಇಎಲ್34 ಎಂಬ ನಾಲ್ಕು ದಪ್ಪ ವಾಲ್ವುಗಳೂ ಇಸಿಸಿ83 ಎಂಬ ಸಣ್ಣ ವಾಲ್ವುಗಳೂ ಇವೆ. ಸ್ವಿಚ್ ಹಾಕಿದ ಕೂಡಲೇ ಇದರಿಂದ ಏನೂ ಕೇಳಿಸುವುದಿಲ್ಲ. ಅರ್ಧ ನಿಮಿಷ ಕಾಯಬೇಕು. ಗಾಜಿನೊಳಗೆ ಕೆಂಡದ ಬಣ್ಣ ಕಾಣಿಸಿಕೊಂಡ ಮೇಲೆ ಸ್ಪೀಕರಿನಿಂದ ಸಣ್ಣಗೆ ಗುಂಯ್ ಎಂಬ ಸದ್ದು ಬಂದು, ಅದರ ಬೆನ್ನಿಗೆ ತಂಬೂರಿ ಏಳುತ್ತದೆ. ನಾನು ಅವಸರದಲ್ಲಿ ಸ್ವಿಚ್ಚಿಗೆ ಕೈ ಹಾಕಿದಾಗ ಅಂಗಡಿಯ ಹಿರಿಯರು ತಡೆದರು: “ಸ್ಪೀಕರ್ ವಾಯರ್ ಹಚ್ಚೀರೇನ್ರಿ? ಹಚ್ಚಲಾರದ ಚಾಲೂ ಮಾಡಬ್ಯಾಡ್ರಿ, ಟ್ರಾನ್ಸ್‌ಫಾರ್ಮರ್ ಸುಟ್ಟ ಹೊಕ್ಕೈತಿ.”

ಆ ಟ್ರಾನ್ಸ್‌ಫಾರ್ಮರಿನ ಮಾತಿಗೆ ಮತ್ತೆ ಬರುತ್ತೇನೆ. ಇಂಥ ಯಂತ್ರಗಳನ್ನು ಮಾಡುವ ಹೆಸರಾಂತ ಕಂಪನಿಗಳು ಒಂದೊಂದಾಗಿ ಕೈ ಬದಲಾಯಿಸುತ್ತಿರುವ ಈ ಹೊತ್ತಿನಲ್ಲಿ ಉಳಿಯುವುದೇನು, ಅಳಿಯುವುದೇನು ಎಂಬುದು ಇಂದಿನ ವಿಷಯ.

[ದೃಶ್ಯ: ವಾಲ್ವಿನ ಒಳರಚನೆಯ ರೇಖಾಚಿತ್ರ.]

ಗಾಳಿ ತೆಗೆದ ಗಾಜಿನ ಕೊಳವೆಯೊಳಗೆ ಕ್ಯಾಥೋಡ್ ಎಂಬ ಸಣ್ಣ ಲೋಹದ ನಳಿಗೆ ಇರುತ್ತದೆ. ಅದರ ಮೈಗೆ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡುಗಳ ಲೇಪವಿದ್ದು, ಒಳಗಿನ ಹೀಟರ್ ಅದನ್ನು ಕಾಯಿಸಿದಾಗ ಇಲೆಕ್ಟ್ರಾನುಗಳು ಹೊರಬಂದು, ನೂರಾರು ವೋಲ್ಟ್ ಹೊತ್ತ ಪ್ಲೇಟಿನ ಕಡೆಗೆ ಹರಿಯುತ್ತವೆ. ನಡುವೆ ನಿಂತಿರುವ ಗ್ರಿಡ್ ಎಂಬ ತಂತಿಯ ಜಾಲರಿಯು ಕಾಲುವೆಯ ತೂಬಿನಂತೆ ಕೆಲಸ ಮಾಡುತ್ತದೆ. ಅದರ ಮೇಲಿನ ಅಲ್ಪ ವೋಲ್ಟೇಜ್ ಬದಲಾದಂತೆ ದೊಡ್ಡ ಹರಿವು ಹೆಚ್ಚು ಕಡಿಮೆಯಾಗುತ್ತದೆ. 1906ರಲ್ಲಿ ಲೀ ಡಿ ಫಾರೆಸ್ಟ್ ಈ ಜಾಲರಿಯನ್ನು ಸೇರಿಸಿದ ಮೇಲೆ ಮೂಲ ತತ್ವ ಬದಲಾಗಿಲ್ಲ. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಹೀಟರಿಲ್ಲದೆ, ಕಡಿಮೆ ಖರ್ಚಿನಲ್ಲಿ ಅದೇ ಕೆಲಸ ಮಾಡುವ ಅದರ ಮುಂದೆ ವಾಲ್ವು ಸೋಲಬೇಕಾದದ್ದು ನ್ಯಾಯವೇ. ಈ ಮೇಜಿನ ಮೇಲಿನ ನಾಲ್ಕು ಇಎಲ್34ಗಳ ಹೀಟರುಗಳೇ ಹಾಡು ಶುರುವಾಗುವ ಮೊದಲೇ ಸುಮಾರು 38 ವಾಟ್ ನುಂಗುತ್ತವೆ. ಏಪ್ರಿಲ್ ತಿಂಗಳ ಹುಬ್ಬಳ್ಳಿಯಲ್ಲಿ ಮಧ್ಯಾಹ್ನ ಇದನ್ನು ಹಚ್ಚಿ ಕುಳಿತವರ ಸಂಗೀತಪ್ರೇಮವನ್ನು ಮೆಚ್ಚಲೇಬೇಕು.

ಹಾಗಾದರೆ ಜನ ಇದನ್ನು ಯಾಕೆ ಬಿಡಲಿಲ್ಲ? ತಂಬೂರಿಯ ಬ್ರಿಜ್ಜಿನ ಮೇಲೆ ತಂತಿಯಡಿ ನೂಲಿಟ್ಟು ಜವಾರಿ, ಅಂದರೆ ಝೇಂಕರಿಸುವ ನಾದ, ತೆಗೆಯುವುದನ್ನು ಧಾರವಾಡದ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಒಂದೇ ಷಡ್ಜದ ತಂತಿ ಮೀಟಿದರೂ ಮೇಲಿನ ಷಡ್ಜ, ಅದರ ಮೇಲಿನ ಪಂಚಮ ಎಲ್ಲವೂ ಒಳಗಿನಿಂದ ಅರಳಿ ಬರುತ್ತವೆ. ಮೂಲ ಸ್ವರದ ಎರಡು ಪಟ್ಟು ಕಂಪನವೇ ಆ ಮೇಲಿನ ಷಡ್ಜ, ಮೂರು ಪಟ್ಟಿನದೇ ಪಂಚಮ. ಕ್ಯಾಥೋಡ್, ಗ್ರಿಡ್, ಪ್ಲೇಟು ಮೂರೇ ಇರುವ ಟ್ರಯೋಡ್ ಎಂಬ ಒಂಟಿ ವಾಲ್ವಿನ ಆಂಪ್ಲಿಫೈಯರ್ ತನಗೆ ಕೊಟ್ಟ ಧ್ವನಿಗೆ ಎರಡು ಪಟ್ಟಿನ ಅಂಶವನ್ನು ತಾನಾಗಿಯೇ ಸ್ವಲ್ಪ ಸೇರಿಸುತ್ತದೆ. ಅಂದರೆ ಅದು ಮಾಡುವ ತಪ್ಪು ಸ್ವರಕ್ಕೆ ಹೊಂದಿಕೊಳ್ಳುವ ತಪ್ಪು. ಎರಡೆರಡು ವಾಲ್ವುಗಳು ಜೋಡಿಯಾಗಿ ಎಳೆದಾಡುವ ಪುಶ್-ಪುಲ್ ಯಂತ್ರಗಳಲ್ಲಿ, ಈ ಮೇಜಿನ ಮೇಲಿರುವುದರಲ್ಲಿಯೂ, ಆ ಅಂಶ ಬಹುಪಾಲು ಪರಸ್ಪರ ಅಳಿದುಹೋಗುತ್ತದೆ. ಆದ್ದರಿಂದ ವಾಲ್ವ್ ಎಂದಾಕ್ಷಣ ಒಂದೇ ಬಗೆಯ ನಾದ ಎಂದು ಹೇಳುವುದು ಸರಿಯಲ್ಲ. ಇನ್ನೊಂದು ಗುಣವೆಂದರೆ, ಶಕ್ತಿ ಮೀರಿ ದುಡಿಸಿದಾಗ ಟ್ರಾನ್ಸಿಸ್ಟರ್ ಧ್ವನಿಯ ತಲೆಯನ್ನು ಕತ್ತರಿಸಿದಂತೆ ಒರಟಾಗುತ್ತದೆ, ವಾಲ್ವು ಸಾಮಾನ್ಯವಾಗಿ ಮೆಲ್ಲಗೆ ಬಾಗುತ್ತದೆ. ನನ್ನ ಮಟ್ಟಿಗೆ, ಗಾಯಕರ ತಂಬೂರಿಯಲ್ಲಿ ಆಗಲೇ ಜವಾರಿ ಇರುವಾಗ ಆಂಪ್ಲಿಫೈಯರೂ ಒಂದಿಷ್ಟು ಸೇರಿಸಬೇಕೆಂಬ ಹಟವಿಲ್ಲ. ಆಕಾಶವಾಣಿ ಧಾರವಾಡ ಶುರುವಾದ 1950ರ ದಶಕದ ಧ್ವನಿಮುದ್ರಣಗಳು ಹೇಗೂ ವಾಲ್ವುಗಳನ್ನು ದಾಟಿಯೇ ಬಂದಂಥವು.

[ದೃಶ್ಯ: ಹಳೆಯ ಆಂಪ್ಲಿಫೈಯರುಗಳ ಮುಂಭಾಗದ ಹೆಸರು ಫಲಕಗಳು.]

ಈಗ ಕಂಪನಿಗಳ ಮಾತು. 1949ರಲ್ಲಿ ಹುಟ್ಟಿದ ಅಮೆರಿಕದ ಆಂಪ್ಲಿಫೈಯರ್ ಕಂಪನಿ ಮ್ಯಾಕಿಂಟಾಷ್, 1961ರಲ್ಲಿ ತಂದ ಎಂಸಿ275 ಎಂಬ ವಾಲ್ವ್ ಆಂಪ್ಲಿಫೈಯರಿನ ಹೊಸ ಆವೃತ್ತಿಗಳನ್ನು ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ನಿನಲ್ಲಿ ಇಂದಿಗೂ ತಯಾರಿಸುತ್ತದೆ. 2024ರ ನವೆಂಬರಿನಲ್ಲಿ ಅದರ ಒಡೆತನ ಬೋಸ್ ಕಂಪನಿಗೆ ಹೋಯಿತು. ವಿಲಿಯಂ ಜಾನ್ಸನ್ 1970ರಲ್ಲಿ ಕಟ್ಟಿದ ಆಡಿಯೊ ರಿಸರ್ಚ್ 2023ರಲ್ಲಿ ಸಾಲ ಕೊಟ್ಟವರ ಕೈಗೆ ಸಿಕ್ಕು, ಬಳಿಕ ಹೊಸ ಮಾಲೀಕರನ್ನು ಕಂಡಿತು. ಎಲ್ಲಕ್ಕಿಂತ ವಿಚಿತ್ರವಾದದ್ದು ಮರಾಂಟ್ಜ್ ಕಥೆ. 1950ರ ದಶಕದಲ್ಲಿ ವಾಲ್ವ್ ಯಂತ್ರಗಳಿಂದ ಹೆಸರು ಮಾಡಿದ ಆ ಕಂಪನಿ ಕೈಯಿಂದ ಕೈಗೆ ದಾಟುತ್ತ, 2022ರಲ್ಲಿ ಡೆನಾನ್, ಬೋವರ್ಸ್ ಅಂಡ್ ವಿಲ್ಕಿನ್ಸ್ ಎಂಬ ಬೇರೆ ಆಡಿಯೊ ಕಂಪನಿಗಳ ಜೊತೆಗೆ ಮಸಿಮೊ ಎಂಬ ಸಂಸ್ಥೆಯ ಪಾಲಾಯಿತು. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುತ್ತಿದ್ದೆವಲ್ಲ, ಅಂಥ ಆಸ್ಪತ್ರೆ ಉಪಕರಣಗಳ ಕಂಪನಿ ಅದು. ನೂರು ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡದ್ದನ್ನು 2025ರಲ್ಲಿ 35 ಕೋಟಿ ಡಾಲರಿಗೆ ಹರ್ಮನ್ ಕಂಪನಿಗೆ ಮಾರಿತು. ಆ ಹರ್ಮನ್ 2017ರಿಂದ ಸ್ಯಾಮ್ಸಂಗಿನದು. ಹೆಸರು ಉಳಿಯುತ್ತದೆ, ಫಲಕ ಉಳಿಯುತ್ತದೆ. ಒಳಗೆ ಏನಿರಬೇಕು ಎಂಬುದನ್ನು ನಿರ್ಧರಿಸುವವರು ಮಾತ್ರ ಬೇರೆಯಾಗುತ್ತಾರೆ.

ಆದರೂ ವಾಲ್ವ್ ಆಂಪ್ಲಿಫೈಯರ್ ಇಟ್ಟುಕೊಂಡವರು ಇದಕ್ಕೆ ಹೆದರಬೇಕಾಗಿಲ್ಲ ಎಂಬುದೇ ನನ್ನ ವಾದ. ಇಂಟರ್ನೆಟ್ಟಿನಿಂದ ಹಾಡು ತರುವ, ಲಕ್ಷಗಟ್ಟಲೆ ಬೆಲೆಯ ಹೊಸ ಸ್ಟ್ರೀಮಿಂಗ್ ಪೆಟ್ಟಿಗೆಯು ತನ್ನ ಆ್ಯಪ್‌ಗಾಗಿ, ಒಳಗಿನ ಚಿಪ್ಪಿಗಾಗಿ ಕಂಪನಿಯನ್ನು ನೆಚ್ಚಿಕೊಂಡಿರುತ್ತದೆ. ಕಂಪನಿ ಬಾಗಿಲು ಹಾಕಿದರೆ ಅದರ ಬಹುಪಾಲು ಕೆಲಸ ನಿಲ್ಲಬಹುದು. ವಾಲ್ವು, ಟ್ರಾನ್ಸ್‌ಫಾರ್ಮರ್ ಬಿಟ್ಟರೆ ಈ ಹಳೆಯ ಯಂತ್ರದೊಳಗೆ ಇರುವುದು ಕೆಲವು ರೆಸಿಸ್ಟರ್, ಕಂಡೆನ್ಸರ್, ಚೋಕ್, ತಂತಿ, ಸಾಕೆಟ್ಟು ಅಷ್ಟೆ. ಒಂದು ಹಾಳೆಯ ಸರ್ಕ್ಯೂಟ್ ನಕ್ಷೆ ಇದ್ದರೆ ಸೋಲ್ಡರಿಂಗ್ ಬಲ್ಲ ಯಾರಾದರೂ ರಿಪೇರಿ ಮಾಡಬಹುದು. ಆದರೆ ಸ್ವಿಚ್ ಆರಿಸಿದ ಮೇಲೂ, ವಿದ್ಯುತ್ತನ್ನು ಹಿಡಿದಿಡುವ ಕಂಡೆನ್ಸರುಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ ಎಂಬುದನ್ನು ಅವರು ಮರೆಯಬಾರದು. ನಮ್ಮ ಹಿರಿಯರು ಮೊದಲು ರೆಸಿಸ್ಟರ್ ಹಿಡಿದು ಅದನ್ನು ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಒಂದೇ ಕೈ ಒಳಗೆ ಹಾಕಿದರು. ಇನ್ನೊಂದು ಕೈ ಷರ್ಟಿನ ಕಿಸೆಯಲ್ಲಿತ್ತು.

ಟ್ರಾನ್ಸ್‌ಫಾರ್ಮರ್ ಮಾತ್ರ ಕಠಿಣ. ಸಾವಿರಾರು ಓಮ್ ತಡೆ ಬೇಡುವ ವಾಲ್ವಿಗೂ ಎಂಟು ಓಮಿನ ಸ್ಪೀಕರಿಗೂ ಮದುವೆ ಮಾಡಿಸುವುದು ಅದರ ಕೆಲಸ. ಸ್ಪೀಕರ್ ಇಲ್ಲದೆ ಧ್ವನಿ ಕೊಟ್ಟರೆ ವೋಲ್ಟೇಜ್ ಏರಿ ಒಳಗಿನ ಇನ್ಸುಲೇಷನ್ ಸುಡಬಹುದು. ಸುಟ್ಟರೆ ಪದರ ಪದರವಾಗಿ, ವಾಲ್ವಿನ ಕಡೆಯ ಪ್ರೈಮರಿ ಒಂದು ಪದರ, ಅದರ ಮೇಲೆ ಸ್ಪೀಕರಿನ ಕಡೆಯ ಸೆಕೆಂಡರಿ ಒಂದು ಪದರ ಎಂದು ಮತ್ತೆ ಸುತ್ತಬೇಕು. ಗೋಕುಲ ರಸ್ತೆಯ ಕಡೆ ಪಂಪ್‌ಸೆಟ್ ಮೋಟರಿಗೆ ವೈಂಡಿಂಗ್ ಮಾಡುವವರೊಬ್ಬರು ಹಳೆಯದನ್ನು ಬಿಚ್ಚುತ್ತ ಪ್ರತಿ ಪದರದ ಸುತ್ತುಗಳನ್ನು ಎಣಿಸಿ ಬರೆದಿಟ್ಟುಕೊಂಡು, ಹಾಗೆಯೇ ಸುತ್ತಿಕೊಟ್ಟಿದ್ದನ್ನು ನಾನು ನೋಡಿದ್ದೇನೆ.

ಸುತ್ತಲಾಗದ, ಬೆಸೆಯಲಾಗದ ಒಂದೇ ಒಂದು ವಸ್ತುವೆಂದರೆ ವಾಲ್ವು. ಒಂದು ಕಾಲದ ದೊಡ್ಡ ಕಂಪನಿಗಳಾದ ಮಲ್ಲಾರ್ಡ್, ಆರ್‌ಸಿಎ, ಟೆಲಿಫುಂಕನ್ ಯಾರೂ ಈಗ ಅದನ್ನು ಮಾಡುವುದಿಲ್ಲ. ಫಿಲಿಪ್ಸ್ ನೆರವಿನಿಂದ ರೇಡಿಯೊ ವಾಲ್ವು ಮಾಡುತ್ತಿದ್ದ ನಮ್ಮ ಬೆಂಗಳೂರಿನ ಬಿಇಎಲ್, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ ನಿಲ್ಲಿಸಿ ದಶಕಗಳಾದವು. ಇಂದು ಜಗತ್ತಿಗೆಲ್ಲ ಮುಖ್ಯವಾಗಿ ಮೂರು ಕಡೆಯಿಂದ ವಾಲ್ವು ಬರುತ್ತದೆ: ಸ್ಲೊವಾಕಿಯಾದ ಚಾಡ್ಟ್ಸಾದಲ್ಲಿರುವ ಜೆಜೆ ಕಂಪನಿ, ರಷ್ಯಾದ ಸರಾಟೊವ್ ನಗರ, ಮತ್ತು ಚೀನಾ. ಅಮೆರಿಕದ ಜಾರ್ಜಿಯಾದಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ 300ಬಿ ವಾಲ್ವನ್ನು ಮತ್ತೆ ಮಾಡುತ್ತಿದೆಯಾದರೂ ಅದು ಶ್ರೀಮಂತರ ಮಾತು. 2022ರ ಮಾರ್ಚಿನಲ್ಲಿ ರಷ್ಯಾ ರಫ್ತಿಗೆ ತಡೆ ಹಾಕಿದಾಗ ವಾಲ್ವಿನ ಬೆಲೆ ಜಗತ್ತಿನಾದ್ಯಂತ ಏರಿತು.

ಈ ಕಾರ್ಖಾನೆಗಳನ್ನು ಸಾಕುತ್ತಿರುವವರು ನಮ್ಮಂಥ ಕೇಳುಗರಲ್ಲ, ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು. ಅವರ ಆಂಪ್ಲಿಫೈಯರುಗಳೇ ವಾಲ್ವಿನ ಬಹುದೊಡ್ಡ ಗಿರಾಕಿ. ಆದರೆ ವಾಲ್ವಿನ ನಾದವನ್ನು ಲೆಕ್ಕ ಹಾಕಿ ಅನುಕರಿಸುವ ಡಿಜಿಟಲ್ ಪೆಟ್ಟಿಗೆಗಳು ಅವರ ನಡುವೆ ವರ್ಷದಿಂದ ವರ್ಷಕ್ಕೆ ಹಬ್ಬುತ್ತಿವೆ. ಮ್ಯಾಕಿಂಟಾಷ್ ಯಾರ ಕೈಯಲ್ಲಿದೆ ಎಂಬುದಕ್ಕಿಂತ ಆ ಗಿಟಾರಿನವರು ಮುಂದೆ ಏನು ಕೊಳ್ಳುತ್ತಾರೆ ಎಂಬುದರ ಮೇಲೆ ಈ ಮೇಜಿನ ಮೇಲಿನ ಯಂತ್ರದ ಆಯುಷ್ಯ ನಿಂತಿದೆ.

[ದೃಶ್ಯ: ಮೇಜಿನ ಖಾನೆ. ಹತ್ತಿಯ ನಡುವೆ ಗಾಜಿನ ವಾಲ್ವುಗಳು.]

ನಾಲ್ಕು ಇಎಲ್34ಗಳಲ್ಲಿ ಒಂದು ಸವೆದಿತ್ತು. ಒಂದನ್ನೇ ಬದಲಿಸಿದರೆ ಜೋಡಿ ಹೊಂದುವುದಿಲ್ಲವಾದ್ದರಿಂದ ಸ್ಲೊವಾಕಿಯಾದ ಹೊಸ ನಾಲ್ಕನ್ನು ತರಿಸಿದ್ದೇವೆ. ಸಣ್ಣ ಇಸಿಸಿ83 ಒಂದಕ್ಕೆ ಮಾತ್ರ ಹಿರಿಯರು ಖಾನೆಯ ತಳದಿಂದ ಬಿಇಎಲ್ ಎಂದು ಬರೆದ ರಟ್ಟಿನ ಪೆಟ್ಟಿಗೆ ತೆಗೆದು, ವಾಲ್ವಿನ ಕಾಲುಗಳನ್ನು ಮರಳುಕಾಗದದಿಂದ ಒರೆಸಿ ಸಾಕೆಟ್ಟಿಗೆ ಕೂರಿಸಿದರು. ಅಂಥವು ಇನ್ನೆಷ್ಟಿವೆ ಎಂದು ಕೇಳಿದೆ. “ಇನ್ನಾ ಎರಡ ಅದಾವ್ರಿ. ಅವನ್ನ ಮಾರೂದಿಲ್ಲ,” ಎಂದು ಹೇಳಿ ಖಾನೆ ಮುಚ್ಚಿದರು.